ಎಷ್ಟು ಕುಡಿತೀರಾ ಅಂತ ಎಲ್ರೂ ಕೇಳ್ತಾರೆ, ಯಾರ ಜೊತೆ ಅಂತ ಯಾರೂ ಕೇಳಲ್ಲ

ಕುಡಿತ ಅಳೆಯೋಕೆ ಡಾಕ್ಟರ್‌ಗಳ ಹತ್ರ ಒಂದು ಪ್ರಶ್ನೆಪಟ್ಟಿ ಇದೆ, ಆಡಿಟ್ ಅಂತ ಅದರ ಹೆಸರು. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಮಾಡಿಸಿದ್ದು, ಇವತ್ತಿಗೂ ಎಷ್ಟೋ ದೇಶಗಳಲ್ಲಿ ಬಳಸ್ತಾರೆ. ಒಟ್ಟು 10 ಪ್ರಶ್ನೆ, 40 ಅಂಕ, 8 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಎಚ್ಚರ ಬೇಕು ಅಂತ ಲೆಕ್ಕ. ಎಷ್ಟು ದಿನಕ್ಕೊಮ್ಮೆ ಕುಡಿತೀರಾ, ಕುಡಿದ ದಿನ ಎಷ್ಟು ಕುಡಿತೀರಾ, ಶುರು ಮಾಡಿದ್ಮೇಲೆ ನಿಲ್ಲಿಸೋಕೆ ಆಗದೇ ಇದ್ದಿದ್ದು ಉಂಟಾ, ಬೆಳಿಗ್ಗೆ ಎದ್ದ ತಕ್ಷಣ ಬೇಕು ಅನ್ಸುತ್ತಾ, ಆಮೇಲೆ ತಪ್ಪು ಮಾಡಿದೆ ಅನ್ನೋ ಭಾವನೆ ಬರುತ್ತಾ, ಹಿಂದಿನ ರಾತ್ರಿ ಏನಾಯ್ತು ಅಂತ ನೆನಪೇ ಇಲ್ದೇ ಇರೋದು ಆಗಿದ್ಯಾ, ಹೀಗೆ ಹೋಗುತ್ತೆ. ಒಳ್ಳೆ ಪ್ರಶ್ನೆಗಳೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹತ್ತರಲ್ಲಿ ಒಂದೇ ಒಂದು ಪ್ರಶ್ನೆನೂ ನೀವು ಯಾರ ಜೊತೆ ಕುಡಿತೀರಾ ಅಂತ ಕೇಳಲ್ಲ, ಯಾಕೆ ಕುಡಿತೀರಾ ಅಂತಾನೂ ಕೇಳಲ್ಲ.

ಇನ್ನೊಂದು ವಿಷಯ ನೋಡಿ. ಕೊನೆ ಪ್ರಶ್ನೆ ಏನು ಗೊತ್ತಾ, ನಿಮ್ಮ ಸಂಬಂಧಿಕರೋ ಸ್ನೇಹಿತರೋ ಡಾಕ್ಟರೋ ನಿಮ್ಮ ಕುಡಿತದ ಬಗ್ಗೆ ಆತಂಕಪಟ್ಟು ಕಮ್ಮಿ ಮಾಡಿ ಅಂತ ಹೇಳಿದ್ದಾರಾ ಅಂತ. ಒಬ್ಬನೇ ಒಂದು ರೂಮಲ್ಲಿ ತಿಂಗಳುಗಟ್ಲೆ ಕೂತಿರೋ ಮನುಷ್ಯನಿಗೆ ಈ ಪ್ರಶ್ನೆ ಕೇಳಿದ್ರೆ ಉತ್ತರ ಇಲ್ಲ ಅಂತಾನೇ ಬರುತ್ತೆ, ಯಾಕಂದ್ರೆ ಆತಂಕ ಪಡೋಕೆ ಪಕ್ಕದಲ್ಲಿ ಯಾರಿದ್ದಾರೆ? ಐದನೇ ಪ್ರಶ್ನೆನೂ ಹಂಗೇನೇ, ಕುಡಿತದಿಂದ ನಿಮ್ಮಿಂದ ಎಲ್ರೂ ನಿರೀಕ್ಷೆ ಮಾಡೋ ಕೆಲಸ ತಪ್ಪಿದ್ಯಾ ಅಂತ. ಕೆಲಸ ಹೋಗಿ ಮನೇಲಿ ಕೂತವನಿಂದ, ಅಥವಾ ಕ್ಯಾಮೆರಾ ಆಫ್ ಮಾಡ್ಕೊಂಡು ಮೀಟಿಂಗ್ ಮುಗಿಸ್ತಿದ್ದವನಿಂದ ಯಾರು ಏನು ನಿರೀಕ್ಷೆ ಮಾಡ್ತಿದ್ರು? ಅಂದ್ರೆ ಅದೇ ಮನುಷ್ಯ ಅಷ್ಟೇ ಕುಡಿದ್ರೂ, ಸುತ್ತ ಜನ ಇದ್ದಾಗ ಸ್ಕೋರ್ ಜಾಸ್ತಿ ಬರುತ್ತೆ, ಒಂಟಿ ಆದಾಗ ಕಮ್ಮಿ ಬರುತ್ತೆ. ಅಪಾಯ ಹೆಚ್ಚಾಗೋ ಜಾಗದಲ್ಲೇ ಅಳತೆ ಇಳಿಯೋದು ನನಗೆ ಸಣ್ಣ ವಿಷಯ ಅನ್ಸಲ್ಲ. ಕೋವಿಡ್ ಟೈಮಲ್ಲಿ ಕುಡಿತಕ್ಕೆ ಏನಾಯ್ತು ಅನ್ನೋ ಪೂರ್ತಿ ಕಥೆನೇ ಇದ್ರಲ್ಲಿದೆ ಅಂತ ನನ್ನ ಅನಿಸಿಕೆ, ಆ ಎರಡು ವರ್ಷ ಬದಲಾಗಿದ್ದು ಎಷ್ಟು ಅನ್ನೋದಕ್ಕಿಂತ ಯಾರ ಜೊತೆ ಮತ್ತೆ ಯಾಕೆ ಅನ್ನೋದು.

ನನ್ನ ಹಳೇ ಸ್ನೇಹಿತ ಒಬ್ಬ ಇದ್ದಾನೆ. ಲಾಕ್‌ಡೌನ್ ಶುರುವಾದ ಎರಡನೇ ತಿಂಗಳಿಂದ ದಿನಾ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡೋಕೆ ಶುರು ಮಾಡ್ದ. ಮೊದಲು ವರ್ಷಕ್ಕೆ ನಾಲ್ಕು ಸಲ ಮಾತಾಡ್ತಿದ್ವಿ ಅಷ್ಟೇ. ಏನೋ ಹಳೇ ಕಥೆ, ನಗು, ಆಮೇಲೆ ಮಾತು ನಿಧಾನ ಆಗೋದು, ಒಂದೇ ವಾಕ್ಯ ಎರಡು ಸಲ ಬರೋದು. ನನಗೆ ಗೊತ್ತಾಗ್ತಿತ್ತು, ಆದ್ರೂ ಮೂರು ತಿಂಗಳು ಏನೂ ಕೇಳ್ಲಿಲ್ಲ, ಮನೇಲಿ ಇದ್ದಾನೆ, ಗಾಡಿ ಓಡಿಸ್ತಿಲ್ಲ, ಯಾರಿಗೂ ತೊಂದರೆ ಇಲ್ಲ, ಇರ್ಲಿ ಬಿಡು ಅಂದ್ಕೊಂಡೆ. ಹಾಗೆ ಅಂದ್ಕೊಂಡಿದ್ದು ತಪ್ಪು ಅಂತ ಈಗ ಅನ್ಸುತ್ತೆ. ಅದಕ್ಕೇ ಈ ವಿಷಯ ಓದೋಕೆ ಕೂತಿದ್ದು.

ಮೊದಲು ಒಂಟಿತನ ಅಂದ್ರೇನು ಅಂತ ಸ್ವಲ್ಪ ಸರಿ ಮಾಡ್ಕೊಳ್ಳೋಣ, ಯಾಕಂದ್ರೆ ಇಲ್ಲೇ ಎಲ್ರೂ ಎಡವೋದು. ಕನ್ನಡದಲ್ಲಿ ನಮಗೆ ಎರಡು ಪದ ಇದೆ, ಏಕಾಂತ ಮತ್ತೆ ಒಂಟಿತನ. ಏಕಾಂತ ನಾವಾಗೇ ಹುಡುಕ್ಕೊಂಡು ಹೋಗೋದು, ಒಂಟಿತನ ನಮ್ಮನ್ನ ಹುಡುಕ್ಕೊಂಡು ಬರೋದು. ಮನಶ್ಶಾಸ್ತ್ರದವರು ಹೇಳೋದೂ ಸುಮಾರು ಇದನ್ನೇ: ನಮಗೆ ಬೇಕಾದ ಸಂಬಂಧಕ್ಕೂ ನಮಗೆ ಸಿಕ್ಕಿರೋ ಸಂಬಂಧಕ್ಕೂ ನಡುವೆ ಇರೋ ಅಂತರವೇ ಒಂಟಿತನ. ಹಾಗಾಗಿ ಒಬ್ಬರೇ ಇರೋರೆಲ್ಲ ಒಂಟಿ ಅಲ್ಲ, ಆರು ಜನರ ಮನೆಯೊಳಗೆ ಇದ್ದುಕೊಂಡೂ ಒಂಟಿಯಾಗಿ ಒಣಗೋರು ಇದ್ದಾರೆ. ರಾಬರ್ಟ್ ವೈಸ್ ಅನ್ನೋ ಸಮಾಜಶಾಸ್ತ್ರಜ್ಞ 1973ರಲ್ಲೇ ಇದನ್ನ ಎರಡಾಗಿ ಬಿಡಿಸಿದ್ರು, ಆಪ್ತರು ಅಂತ ಒಬ್ಬರೂ ಇಲ್ಲದ ಭಾವನಾತ್ಮಕ ಒಂಟಿತನ ಒಂದು, ಜೊತೆಗಾರರ ಗುಂಪು ಅಂತ ಇಲ್ಲದ ಸಾಮಾಜಿಕ ಒಂಟಿತನ ಇನ್ನೊಂದು, ಒಂದರ ಕೊರತೆನ ಇನ್ನೊಂದು ತುಂಬಲ್ಲ ಅಂದ್ರು. ಕೋವಿಡ್‌ನಲ್ಲಿ ನೋಡಿ, ಗಂಡ ಹೆಂಡತಿ ಮಕ್ಕಳು ಇಪ್ಪತ್ನಾಲ್ಕು ಗಂಟೆ ಒಂದೇ ಸೂರಿನಡಿ, ಆದ್ರೆ ಆಫೀಸಿನ ಹರಟೆ ಇಲ್ಲ, ದಾರೀಲಿ ಸಿಗೋ ಪರಿಚಯದವರು ಇಲ್ಲ, ಹೆಸರು ಗೊತ್ತಿಲ್ದಿದ್ರೂ ದಿನಾ ನೋಡಿ ನಗ್ತಿದ್ದ ಮುಖಗಳಿಲ್ಲ. ಮನೆ ತುಂಬಾ ಜನ ಇದ್ರೂ ಏನೋ ಒಂದು ಖಾಲಿ ಅನ್ನಿಸಿದ್ದಕ್ಕೆ ಕಾರಣ ಇದೇ.

ಜಾನ್ ಕಾಸಿಯೊಪ್ಪೊ ಅನ್ನೋ ವಿಜ್ಞಾನಿ ಜೀವಮಾನ ಪೂರ್ತಿ ಅನ್ನೋ ಹಾಗೆ ಒಂಟಿತನದ ಮೇಲೇ ಕೆಲಸ ಮಾಡಿದ್ರು, 2018ರಲ್ಲಿ ತೀರ್ಕೊಂಡ್ರು. ಅವರ ವಾದ ನನಗೆ ತುಂಬಾ ಇಷ್ಟ. ಹಸಿವು ಬಾಯಾರಿಕೆ ಹೇಗೋ ಒಂಟಿತನನೂ ಹಾಗೇನೇ, ಅದು ದೇಹ ಕೊಡೋ ಸೂಚನೆ, ಊಟ ಮಾಡು ಅಂತ ಹಸಿವು ಹೇಳೋ ಹಾಗೆ ಜನರ ಹತ್ರ ಹೋಗು ಅಂತ ಇದು ಹೇಳುತ್ತೆ. ಹಾಗಾದ್ರೆ ಹೊರಗೆ ಹೋದ್ರೆ ಸಾವು ಬರಬಹುದು ಅಂತ ಸರ್ಕಾರ, ಟಿವಿ, ಡಾಕ್ಟರ್ ಎಲ್ರೂ ಹೇಳ್ತಿರೋವಾಗ ಆ ಸೂಚನೆ ಎಲ್ಲಿಗೆ ಹೋಗ್ಬೇಕು? ಹಸಿವು ಇದೆ, ಊಟ ಮುಟ್ಟಬಾರದು ಅನ್ನೋ ಸ್ಥಿತಿ. ಹೊಟ್ಟೆ ಹಸಿವಿಗೆ ನೀರು ಕುಡಿದು ಮಲಗೋರು ಇದ್ದಾರಲ್ಲ, ಹಾಗೆ ಈ ಹಸಿವಿಗೆ ಏನೋ ಒಂದು ಕುಡಿದು ಮಲಗಿದವರು ಎಷ್ಟೋ ಜನ.

ಇಷ್ಟು ಹೇಳಿದ ಮೇಲೆ ಲಾಕ್‌ಡೌನ್ ಬಂತು, ಎಲ್ರೂ ಒಂಟಿ ಆದ್ರು, ಎಲ್ರೂ ಕುಡುಕರಾದ್ರು ಅನ್ನೋ ಸರಳ ಕಥೆ ನಂಬಿಬಿಡೋದು ಸುಲಭ, ಆದ್ರೆ ಅಂಕಿಅಂಶ ಹಾಗೆ ಹೇಳಲ್ಲ. ಕೋವಿಡ್ ಮುಂಚೆ ಮತ್ತೆ ಆಮೇಲೆ ಅದೇ ಜನರನ್ನ ಕೇಳಿ ಮಾಡಿದ ಸರ್ವೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ್ರೆ ಸರಾಸರಿ ಒಂಟಿತನ ಏರಿದ್ದು ಸ್ವಲ್ಪವೇ, ಎಲ್ರೂ ಹೆದರಿದಷ್ಟು ಅಲ್ಲ. ಹೆಚ್ಚು ಪೆಟ್ಟು ತಿಂದಿದ್ದು ಹದಿಹರೆಯ ದಾಟಿದ ಯುವಕ ಯುವತಿಯರು ಮತ್ತೆ ಒಬ್ಬೊಬ್ಬರೇ ವಾಸ ಮಾಡೋರು, ಎಲ್ರೂ ಅಂದ್ಕೊಂಡ ಹಾಗೆ ವಯಸ್ಸಾದವರೇ ಮೊದಲ ಸಾಲಲ್ಲಿ ಇರ್ಲಿಲ್ಲ. ಕುಡಿತದ ಲೆಕ್ಕನೂ ಹಾಗೇನೇ. ಇಂಗ್ಲೆಂಡಿನಲ್ಲಿ ಪಬ್‌ಗಳು ತಿಂಗಳುಗಟ್ಟಲೆ ಮುಚ್ಚಿದ್ವು, ಮನೆಗೆ ತಗೊಂಡು ಹೋಗೋ ಮದ್ಯದ ಮಾರಾಟ ಸುಮಾರು ಕಾಲು ಭಾಗ ಏರಿತು, ಎರಡೂ ಕೂಡಿಸಿದ್ರೆ ಒಟ್ಟು ಪ್ರಮಾಣ ಹೆಚ್ಚು ಕಮ್ಮಿ ಮೊದಲಿನಷ್ಟೇ. ಇದನ್ನ ನೋಡಿ ಏನೂ ಆಗಿಲ್ಲ ಬಿಡಿ ಅಂತ ಎದ್ದು ಹೋಗಬಹುದಿತ್ತು.

ಆದ್ರೆ ಸಾವಿನ ಲೆಕ್ಕ ಬಂತು. ಅದೇ ಇಂಗ್ಲೆಂಡಿನಲ್ಲಿ ಕುಡಿತದಿಂದ ಬರೋ ಲಿವರ್ ಕಾಯಿಲೆಯಿಂದ ಸತ್ತವರ ಸಂಖ್ಯೆ 2019ರಿಂದ 2020ಕ್ಕೆ ಶೇಕಡಾ 20ಕ್ಕಿಂತ ಜಾಸ್ತಿ ಏರಿತ್ತು. ಇಡೀ ಬ್ರಿಟನ್ ತಗೊಂಡ್ರೆ ಮದ್ಯವೇ ನೇರ ಕಾರಣವಾದ ಸಾವು 2019ರಲ್ಲಿ 7,565, 2020ರಲ್ಲಿ 8,974. ಅಮೆರಿಕದಲ್ಲಿ ಮರಣ ಪತ್ರದಲ್ಲಿ ಮದ್ಯದ ಹೆಸರು ಬಂದ ಸಾವು 2019ರಲ್ಲಿ 78,927 ಇದ್ದಿದ್ದು 2020ರಲ್ಲಿ 99,017 ಆಯ್ತು, ಒಂದೇ ವರ್ಷದಲ್ಲಿ ಶೇಕಡಾ 25ರಷ್ಟು. ಮಾರಾಟ ಅಷ್ಟೇ, ಸಾವು ಇಷ್ಟು ಜಾಸ್ತಿ, ಇದು ಹೇಗೆ ಸಾಧ್ಯ ಅಂತ ಮೊದಲ ಸಲ ಓದಿದಾಗ ನನಗೂ ತಲೆ ಕೆಟ್ಟಿತ್ತು.

ಉತ್ತರ ಸರಾಸರಿ ಅನ್ನೋ ಪದದಲ್ಲಿ ಅಡಗಿದೆ. ಸೊಂಟದ ಮಟ್ಟ ನೀರಿದೆ ಅಂತ ಹೇಳಿದ ಹೊಳೆಯಲ್ಲೂ ಮಡು ಇರುತ್ತೆ, ಮುಳುಗೋರು ಅಲ್ಲೇ ಮುಳುಗೋದು. ಕೋವಿಡ್ ಕಾಲದಲ್ಲಿ ಕುಡಿಯೋರು ಎರಡು ದಿಕ್ಕಿಗೆ ಹೋದ್ರು. ಪಾರ್ಟಿ, ಮದುವೆ, ಆಫೀಸಿನ ಗೆಳೆಯರು ಅಂತ ಯಾವಾಗ್ಲೋ ಒಮ್ಮೆ ಕುಡಿತಿದ್ದವರು ಕಮ್ಮಿ ಮಾಡಿದ್ರು, ಎಷ್ಟೋ ಜನ ಬಿಟ್ಟೇ ಬಿಟ್ರು, ಜೊತೆಗಾರರಿಲ್ಲದೆ ಅವರಿಗೆ ಅದರಲ್ಲಿ ರುಚಿಯೇ ಇರ್ಲಿಲ್ಲ. ಮುಂಚೆನೇ ಜೋರಾಗಿ ಕುಡಿತಿದ್ದವರು ಇನ್ನೂ ಜೋರು ಮಾಡಿದ್ರು. ಇಬ್ಬರನ್ನೂ ಕೂಡಿಸಿ ಭಾಗಿಸಿದ್ರೆ ಏನೂ ಬದಲಾಗಿಲ್ಲ ಅಂತ ಕಾಣುತ್ತೆ. ಆದ್ರೆ ಲಿವರ್ ಸರಾಸರಿ ಲೆಕ್ಕ ನೋಡಲ್ಲ, ಅದು ಒಬ್ಬೊಬ್ಬರ ಹೊಟ್ಟೇಲಿ ಒಂದೊಂದೇ ಇರೋದು. ವರ್ಷಾನುಗಟ್ಟಲೆ ಕುಡಿದು ಈಗಾಗ್ಲೇ ಗಾಯ ಆಗಿರೋ ಲಿವರ್‌ಗೆ ಇನ್ನೊಂದು ಆರು ತಿಂಗಳ ಜೋರು ಕುಡಿತ ಬಿದ್ರೆ ಅದು ಕೈ ಕೊಡೋಕೆ ಜಾಸ್ತಿ ಟೈಮ್ ಬೇಡ. ಅದರ ಮೇಲೆ ಆಸ್ಪತ್ರೆಗೆ ಹೋದ್ರೆ ಕೋವಿಡ್ ಬರುತ್ತೆ ಅನ್ನೋ ಭಯ, ಕೆಲವು ಕಡೆ ಚಟ ಬಿಡಿಸೋ ವಿಭಾಗಗಳೇ ಮುಚ್ಚಿದ್ದು, ಕಾಮಾಲೆ ಹಳದಿ ಕಣ್ಣಲ್ಲಿ ಕಂಡಾಗ್ಲೂ ನೋಡಿ ಹೇಳೋಕೆ ಮನೇಲಿ ಇನ್ನೊಬ್ಬರಿಲ್ಲದೇ ಇದ್ದಿದ್ದು, ಎಲ್ಲ ಸೇರ್ಕೊಂಡ್ವು. ಈ ಸಾವುಗಳೆಲ್ಲ ಒಂಟಿತನದಿಂದ ಆಗಿದ್ದು ಅಂತ ನಾನು ಹೇಳ್ತಿಲ್ಲ, ಕೆಲಸ ಹೋಗಿದ್ದು, ಸಾಲ, ಭಯ, ಮನೆಯೊಳಗಿನ ಸಾವು ಎಲ್ಲಾ ಇತ್ತು. ಆದ್ರೆ ಯಾರೂ ನೋಡದ ಜಾಗದಲ್ಲಿ ಆದ ಸಾವುಗಳು ಇದ್ರಲ್ಲಿ ಬೇಕಾದಷ್ಟಿವೆ.

ಹೆಂಗಸರ ವಿಷಯಕ್ಕೆ ಒಂದು ಮಾತು. ಅಮೆರಿಕದ ರ್‍ಯಾಂಡ್ ಅನ್ನೋ ಸಂಶೋಧನಾ ಸಂಸ್ಥೆಯವರು 2019ರ ಬೇಸಿಗೆ ಹೊತ್ತಲ್ಲಿ ಕೇಳಿದ್ದ ಅದೇ ಜನರನ್ನ 2020ರ ಮೇ ಜೂನಿನಲ್ಲಿ ಮತ್ತೆ ಕೇಳಿದ್ರು, ಎಲ್ರೂ 30 ದಾಟಿದವರು. ಕುಡಿಯೋ ದಿನಗಳು ಒಟ್ಟಾರೆ ಶೇಕಡಾ 14 ಏರಿತ್ತು, ಹೆಂಗಸರಲ್ಲಿ ವಿಪರೀತ ಕುಡಿದ ದಿನಗಳು ಶೇಕಡಾ 41 ಏರಿತ್ತು. ಈ 41 ಅನ್ನೋ ನಂಬರ್ ಎಲ್ಲಾ ಪೇಪರಲ್ಲೂ ಬಂತು, ಭಯ ಹುಟ್ಟಿಸೋ ಹಾಗೆ ಬಂತು. ಬಿಡಿಸಿ ನೋಡಿದ್ರೆ, ಐದು ಹೆಂಗಸರಲ್ಲಿ ಒಬ್ಬರಿಗೆ ತಿಂಗಳಿಗೆ ಒಂದು ದಿನ ಹೆಚ್ಚಿಗೆ ಆಯ್ತು ಅಂತ ಅದರ ಅರ್ಥ. ಚಿಕ್ಕ ಸಂಖ್ಯೆ ಸ್ವಲ್ಪ ಏರಿದ್ರೂ ಶೇಕಡಾವಾರು ದೊಡ್ಡದಾಗೇ ಕಾಣುತ್ತೆ. ಹಾಗಂತ ತಳ್ಳಿ ಹಾಕೋ ಹಾಗಿಲ್ಲ. ಸ್ಕೂಲ್ ಮುಚ್ಚಿ, ಮಕ್ಕಳ ಆನ್‌ಲೈನ್ ಕ್ಲಾಸು, ಅಡುಗೆ, ವಯಸ್ಸಾದವರ ಆರೈಕೆ, ತನ್ನ ಆಫೀಸು ಎಲ್ಲಾ ಒಬ್ಬಳ ತಲೆ ಮೇಲೆ ಬಿದ್ದು, ಮನೆಮಂದಿ ಮಧ್ಯೆನೇ ಒಂಟಿಯಾದ ಹೆಂಗಸಿನ ಕುಡಿತ ಲೆಕ್ಕಕ್ಕೆ ಸಿಗೋದೇ ಕಷ್ಟ, ಯಾಕಂದ್ರೆ ಅದು ಎಲ್ರೂ ಮಲಗಿದ ಮೇಲೆ ನಡೆಯೋದು. ಗಂಡಸಿನ ಕುಡಿತಕ್ಕೆ ಬೈಗುಳ ಸಿಗುತ್ತೆ, ಹೆಂಗಸಿನದಕ್ಕೆ ಅವಮಾನ ಸಿಗುತ್ತೆ, ಅವಮಾನಕ್ಕೆ ಹೆದರಿದವರು ಸರ್ವೆಗೂ ನಿಜ ಹೇಳಲ್ಲ.

ಈಗ ಯಾಕೆ ಅನ್ನೋ ಪ್ರಶ್ನೆಗೆ ಬರೋಣ, ನನ್ನ ಪ್ರಕಾರ ಮುಖ್ಯ ವಿಷಯ ಇಲ್ಲೇ ಇರೋದು. ಜನ ಯಾಕೆ ಕುಡಿತಾರೆ ಅನ್ನೋದನ್ನ ಸಂಶೋಧಕರು 1990ರ ದಶಕದಿಂದ ನಾಲ್ಕು ಕಾರಣಗಳಾಗಿ ನೋಡ್ತಾರೆ. ಜನರ ಜೊತೆ ಬೆರೆಯೋಕೆ, ಖುಷಿ ಜಾಸ್ತಿ ಮಾಡ್ಕೊಳ್ಳೋಕೆ, ಎಲ್ರೂ ಕುಡಿತಿದ್ದಾರೆ ನಾನು ಬೇಡ ಅಂದ್ರೆ ಏನಂದ್ಕೊತಾರೋ ಅನ್ನೋದಕ್ಕೆ, ಮತ್ತೆ ನೋವು ಮರೆಯೋಕೆ. ಕೊನೇದು ಬಹಳ ಅಪಾಯದ್ದು, ಒಂದೇ ಪ್ರಮಾಣ ಕುಡಿಯೋ ಇಬ್ಬರಲ್ಲಿ ನೋವು ಮರೆಯೋಕೆ ಕುಡಿಯೋನಿಗೇ ಮುಂದೆ ಚಟ ಅಂಟೋ ಸಾಧ್ಯತೆ, ತೊಂದರೆ ಆಗೋ ಸಾಧ್ಯತೆ ಹೆಚ್ಚು ಅಂತ ಮತ್ತೆ ಮತ್ತೆ ಕಂಡುಬಂದಿದೆ. ಲಾಕ್‌ಡೌನ್ ಏನು ಮಾಡ್ತು ಹೇಳಿ, ನಾಲ್ಕರಲ್ಲಿ ಬೆರೆಯೋದು ಮತ್ತೆ ಜನರ ಒತ್ತಡ ಎರಡನ್ನೂ ಹೆಚ್ಚು ಕಮ್ಮಿ ಅಳಿಸೇ ಹಾಕ್ತು, ಖುಷಿಗೆ ಜಾಗ ಕಮ್ಮಿ ಮಾಡ್ತು, ನಾಲ್ಕನೇದನ್ನ ಮಾತ್ರ ಉಳಿಸ್ತು, ಬೆಳೆಸ್ತು. ಅಂದ್ರೆ ಒಬ್ಬ ಮನುಷ್ಯ ವಾರಕ್ಕೆ ಮೊದಲು ನಾಲ್ಕು ಪೆಗ್ ಕುಡಿತಿದ್ದ, ಲಾಕ್‌ಡೌನಲ್ಲೂ ನಾಲ್ಕೇ ಕುಡಿದ ಅಂದ್ರೆ ಅವನ ಕುಡಿತ ಬದಲಾಗಿಲ್ಲ ಅಂತ ಫಾರ್ಮ್ ಹೇಳುತ್ತೆ, ಆದ್ರೆ ಗೆಳೆಯರ ನಗುವಿನ ಮಧ್ಯೆ ಇದ್ದ ನಾಲ್ಕಕ್ಕೂ ಕತ್ತಲೆ ರೂಮಲ್ಲಿ ಗೋಡೆ ನೋಡ್ತಾ ಇದ್ದ ನಾಲ್ಕಕ್ಕೂ ಹೆಸರು ಬಿಟ್ರೆ ಬೇರೇನೂ ಸಾಮ್ಯ ಇಲ್ಲ.

ಕಾರಣ ಬದಲಾಗಿದ್ದು ಒಂದು ಕಡೆ, ಬ್ರೇಕ್‌ಗಳು ಹೋಗಿದ್ದು ಇನ್ನೊಂದು ಕಡೆ. ಸಾಮಾನ್ಯ ದಿನಗಳಲ್ಲಿ ನಮ್ಮನ್ನ ತಡೆಯೋದು ನಮ್ಮ ಮನೋಬಲ ಅಂತ ನಾವು ಹೆಮ್ಮೆ ಪಡ್ತೀವಿ, ನಿಜ ಹೇಳ್ಬೇಕು ಅಂದ್ರೆ ಸುತ್ತ ಇರೋ ಸಣ್ಣ ಸಣ್ಣ ವಿಷಯಗಳೇ ಹೆಚ್ಚು ತಡೆಯೋದು. ಬಾರ್ ಮುಚ್ಚೋ ಟೈಮ್ ಇರುತ್ತೆ. ಗಾಡಿ ಓಡಿಸ್ಬೇಕು ಅನ್ನೋದು ಇರುತ್ತೆ. ಬೆಳಿಗ್ಗೆ ಎಂಟಕ್ಕೆ ನಾಲ್ಕು ಜನರ ಮುಂದೆ ನಿಲ್ಲಬೇಕು, ಬಾಯಿ ವಾಸನೆ ಬರುತ್ತೆ ಅನ್ನೋದು ಇರುತ್ತೆ. ಸಾಕು ಕಣೋ ಏಳು ಅನ್ನೋ ಒಬ್ಬ ಗೆಳೆಯ ಇರ್ತಾನೆ. ಬಾರಲ್ಲಿ ಅಳತೆ ಮಾಡಿ ಸುರೀತಾರೆ, ಮನೇಲಿ ಕೈ ಅಂದಾಜಿಗೆ ಸುರೀತೀವಿ, ಆ ಅಂದಾಜು ಯಾವಾಗ್ಲೂ ಮೇಲಕ್ಕೇ ಹೋಗೋದು. ಒಂದು ಡ್ರಿಂಕ್ ಅನ್ನೋದೇ ದೇಶಕ್ಕೊಂದು ಲೆಕ್ಕ, ಬ್ರಿಟನ್ನಲ್ಲಿ 8 ಗ್ರಾಂ ಶುದ್ಧ ಆಲ್ಕೋಹಾಲು ಒಂದು ಯೂನಿಟ್, ವಿಶ್ವ ಆರೋಗ್ಯ ಸಂಸ್ಥೆ 10 ಗ್ರಾಂ ಅನ್ನುತ್ತೆ, ಅಮೆರಿಕದಲ್ಲಿ 14. ಮನೇಲಿ ದೊಡ್ಡ ಗ್ಲಾಸಿಗೆ ಸುರ್ಕೊಂಡು ನಾನು ಒಂದೇ ಕುಡಿದೆ ಅಂತ ಹೇಳೋನು ಎರಡೂವರೆ ಕುಡಿದಿರ್ತಾನೆ, ಸುಳ್ಳು ಹೇಳ್ತಿಲ್ಲ ಪಾಪ, ಅವನಿಗೇ ಗೊತ್ತಿರಲ್ಲ.

ಇನ್ನೊಂದು ವಿಷಯ ಜನ ಅಷ್ಟಾಗಿ ಮಾತಾಡಲ್ಲ, ಅದು ದಿನದ ಅಂಚು. ಆಫೀಸಿಂದ ಮನೆಗೆ ಬರೋ ಒಂದು ಗಂಟೆ ಪ್ರಯಾಣ ಎಲ್ರಿಗೂ ಹಿಂಸೆನೇ, ಆದ್ರೆ ಅದು ಒಂದು ಕೆಲಸ ಮಾಡ್ತಿತ್ತು, ಕೆಲಸ ಮುಗೀತು ಅಂತ ತಲೆಗೆ ಹೇಳ್ತಿತ್ತು. ಮಲಗೋ ಮಂಚದ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಕೊಂಡು ಕೂತಾಗ ಆ ಅಂಚು ಹೋಯ್ತು, ಸೋಮವಾರಕ್ಕೂ ಭಾನುವಾರಕ್ಕೂ ವ್ಯತ್ಯಾಸ ಇಲ್ದೇ ಹೋಯ್ತು. ಆಗ ಲ್ಯಾಪ್‌ಟಾಪ್ ಮುಚ್ಚಿ ಗ್ಲಾಸ್ ತೆಗೆಯೋದೇ ಈಗ ಸಂಜೆ ಆಯ್ತು ಅನ್ನೋದಕ್ಕೆ ಗುರುತಾಯ್ತು. ನನ್ನ ಸ್ನೇಹಿತ ಇದನ್ನೇ ಹೇಳಿದ್ದು, ಕುಡಿಯೋ ಆಸೆಗಿಂತ ದಿನಕ್ಕೆ ಒಂದು ಕೊನೆ ಬೇಕಾಗಿತ್ತು ಕಣೋ ಅಂತ. ಮೊದಲು ಎಂಟಕ್ಕೆ, ಆಮೇಲೆ ಏಳಕ್ಕೆ, ಆಮೇಲೆ ಮೀಟಿಂಗ್ ಇಲ್ಲದ ದಿನ ಐದಕ್ಕೇ. ಕೊನೆ ಹಿಂದೆ ಹಿಂದೆ ಸರೀತಾ ಹೋಯ್ತು.

ಇಷ್ಟಕ್ಕೂ ಒಂಟಿತನಕ್ಕೆ ಮದ್ಯ ಕೆಲಸ ಮಾಡುತ್ತಾ ಅಂದ್ರೆ, ಮಾಡುತ್ತೆ, ಮೊದಲ ಒಂದು ಗಂಟೆ. ಸುಳ್ಳು ಹೇಳಿ ಪ್ರಯೋಜನ ಇಲ್ಲ, ಕೆಲಸ ಮಾಡದೇ ಇದ್ದಿದ್ರೆ ಜನ ಯಾಕೆ ಹೋಗ್ತಿದ್ರು. ಮೆದುಳಲ್ಲಿ ಗಾಬಾ ಅನ್ನೋ ಶಾಂತಗೊಳಿಸೋ ವ್ಯವಸ್ಥೆ ಇದೆ, ಗ್ಲುಟಮೇಟ್ ಅನ್ನೋ ಎಚ್ಚರಿಸೋ ವ್ಯವಸ್ಥೆ ಇದೆ, ಆಲ್ಕೋಹಾಲ್ ಮೊದಲನೇದರ ಕೈ ಬಲ ಮಾಡಿ ಎರಡನೇದರ ಬಾಯಿ ಮುಚ್ಚಿಸುತ್ತೆ. ಎದೆ ಮೇಲಿನ ಭಾರ ಇಳಿಯುತ್ತೆ, ಖಾಲಿ ಮನೆ ಅಷ್ಟು ಖಾಲಿ ಅನ್ಸಲ್ಲ. ಆದ್ರೆ ಮೆದುಳು ಸುಮ್ನೆ ಕೂರಲ್ಲ, ಸಮತೋಲನಕ್ಕೆ ಅಂತ ಎಚ್ಚರಿಸೋ ಕಡೆ ಜೋರು ಮಾಡುತ್ತೆ. ಲಿವರ್ ಗಂಟೆಗೆ ಸುಮಾರು ಒಂದು ಡ್ರಿಂಕ್ ಲೆಕ್ಕದಲ್ಲಿ ಮದ್ಯ ಖಾಲಿ ಮಾಡ್ತಾ ಹೋದ ಹಾಗೆ, ನಡುರಾತ್ರಿ ದಾಟಿದ ಮೇಲೆ ಶಾಂತಿ ಹೋಗುತ್ತೆ, ಜೋರು ಮಾತ್ರ ಉಳಿಯುತ್ತೆ. ಕುಡಿದು ಮಲಗಿದವರು ರಾತ್ರಿ ಮೂರಕ್ಕೆ ದಡಕ್ಕನೆ ಎದ್ದು ಕೂರೋದು ಇದಕ್ಕೇ, ಎದೆ ಹೊಡ್ಕೊಳ್ತಿರುತ್ತೆ, ಏನೋ ತಪ್ಪಾಗಿದೆ ಅನ್ನೋ ಭಯ, ಏನು ಅಂತ ಗೊತ್ತಿಲ್ಲ. ನಿದ್ದೆ ಬರಲ್ಲ ಅಂತ ಕುಡಿಯೋರಿಗೆ ಬೇಗ ನಿದ್ದೆ ಹತ್ತೋದು ನಿಜ, ಆದ್ರೆ ಕನಸು ಬೀಳೋ ಹಂತದ ನಿದ್ದೆ ರಾತ್ರಿಯ ಮೊದಲ ಅರ್ಧದಲ್ಲಿ ಕಮ್ಮಿ ಆಗುತ್ತೆ, ಎರಡನೇ ಅರ್ಧ ಚೂರು ಚೂರಾಗುತ್ತೆ.

ರಾತ್ರಿ ಮೂರಕ್ಕೆ ಎದ್ದವನಿಗೆ ಫೋನ್ ಮಾಡೋಕೆ ಯಾರೂ ಇರಲ್ಲ, ಒಂಟಿತನ ಅತಿ ಜೋರಾಗಿ ಇರೋ ಹೊತ್ತು ಅದೇ, ಆ ಹೊತ್ತನ್ನ ದಿನಾ ತಂದು ಕೂರಿಸ್ತಿರೋದು ಸಂಜೆಯ ಗ್ಲಾಸ್. ಬೆಳಿಗ್ಗೆ ತಲೆಭಾರ, ಮನಸ್ಸಿಗೆ ನಾಚಿಕೆ, ಯಾರದ್ದಾದ್ರೂ ಫೋನ್ ಬಂದ್ರೆ ಎತ್ತೋಕೆ ಮನಸ್ಸಿಲ್ಲ, ಆಮೇಲೆ ಮಾಡ್ತೀನಿ ಅಂತ ಮೆಸೇಜ್, ಆ ಆಮೇಲೆ ಬರಲ್ಲ. ಎರಡು ಮೂರು ಸಲ ಹೀಗಾದ್ರೆ ಆ ಕಡೆಯವರೂ ಫೋನ್ ಕಮ್ಮಿ ಮಾಡ್ತಾರೆ. ಒಂಟಿತನ ಕುಡಿತಕ್ಕೆ ಕಾರಣನಾ, ಕುಡಿತ ಒಂಟಿತನಕ್ಕೆ ಕಾರಣನಾ ಅಂತ ಕೇಳಿದ್ರೆ ಎರಡೂ ಹೌದು, ಗಾಣದ ಎತ್ತಿನ ಹಾಗೆ ಸುತ್ತು ಹೊಡೀತಾ ಇರುತ್ತೆ, ಎಲ್ಲಿ ಶುರು ಆಯ್ತು ಅಂತ ಹುಡುಕೋಕೆ ಹೋದ್ರೆ ಸಿಗಲ್ಲ. ಮತ್ತೆ ಇದು ಎಲ್ಲಾ ಒಂಟಿ ಜನರಿಗೂ ಆಗಲ್ಲ ಅನ್ನೋದೂ ನಿಜ, ಒಂಟಿತನ ಜಾಸ್ತಿ ಇದ್ದೂ ಒಂದು ಹನಿ ಮುಟ್ಟದವರು ಕೋಟಿಗಟ್ಲೆ ಇದ್ದಾರೆ. ನೋವು ಬಂದಾಗ ಕುಡಿದ್ರೆ ಸರಿ ಹೋಗುತ್ತೆ ಅಂತ ಮೊದಲೇ ಕಲ್ತಿರೋ ದೇಹಕ್ಕೆ ಒಂಟಿತನ ಸಿಕ್ಕಾಗ ಮಾತ್ರ ಈ ಗಾಣ ತಿರುಗೋದು.

ಹಾಗಾದ್ರೆ ಸರ್ಕಾರ ಮದ್ಯನೇ ಬಂದ್ ಮಾಡಿದ್ರೆ ಆಗ್ತಿತ್ತಲ್ಲ ಅನ್ನೋರಿಗೆ ಉತ್ತರ 2020ರಲ್ಲೇ ಸಿಕ್ಕಿದೆ. ದಕ್ಷಿಣ ಆಫ್ರಿಕಾ ಮಾರ್ಚ್ 27ರಿಂದ ಮಾರಾಟ ಪೂರ್ತಿ ನಿಲ್ಲಿಸ್ತು, ಭಾರತದಲ್ಲೂ ಮಾರ್ಚ್ 25ರ ಲಾಕ್‌ಡೌನಿಂದ ಮೇ ತಿಂಗಳ ಶುರುವಿನವರೆಗೆ ಬಹುತೇಕ ಕಡೆ ಅಂಗಡಿಗಳು ಮುಚ್ಚಿದ್ವು. ದಕ್ಷಿಣ ಆಫ್ರಿಕಾದಲ್ಲಿ ಹೊಡೆದಾಟ ಅಪಘಾತದ ಕೇಸುಗಳು ಆಸ್ಪತ್ರೆಗೆ ಬರೋದು ಕಮ್ಮಿ ಆಯ್ತು, ಅದು ನಿಜವಾದ ಲಾಭ, ಒಪ್ಪಬೇಕು. ಆದ್ರೆ ದಿನಾ ಜೋರಾಗಿ ಕುಡಿತಿದ್ದವರಿಗೆ ಹಠಾತ್ತಾಗಿ ಸಿಗದೇ ಹೋದ್ರೆ ಏನಾಗುತ್ತೆ ಅನ್ನೋದನ್ನ ಯಾರೂ ಯೋಚನೆ ಮಾಡಿರ್ಲಿಲ್ಲ. ಮೇಲೆ ಹೇಳಿದ್ನಲ್ಲ, ಎಚ್ಚರಿಸೋ ವ್ಯವಸ್ಥೆ ಜೋರಾಗಿರುತ್ತೆ ಅಂತ, ಅದನ್ನ ಒತ್ತಿ ಹಿಡಿದಿದ್ದ ಕೈ ಒಮ್ಮೆಲೇ ತೆಗೆದ ಹಾಗೆ ಆಗುತ್ತೆ. ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕು ದಿನದ ಹೊತ್ತಿಗೆ ಕೆಲವರಿಗೆ ಡಿಲಿರಿಯಮ್ ಟ್ರೆಮೆನ್ಸ್ ಅನ್ನೋ ಸ್ಥಿತಿ, ಇಲ್ಲದ್ದು ಕಾಣೋದು, ಎಲ್ಲಿದ್ದೀನಿ ಅನ್ನೋದೇ ತಿಳಿಯದೇ ಇರೋದು, ಜ್ವರ, ಚಿಕಿತ್ಸೆ ಸಿಗದೇ ಇದ್ರೆ ಸಾವು. ಒಬ್ಬನೇ ಇರೋ ಮನೇಲಿ ಫಿಟ್ಸ್ ಬಂದು ಬಿದ್ರೆ ಎತ್ತೋರು ಯಾರು. ಇರಾನಲ್ಲಿ ಅಂತೂ ಮದ್ಯ ಕುಡಿದ್ರೆ ವೈರಸ್ ಸಾಯುತ್ತೆ ಅನ್ನೋ ಸುಳ್ಳು ಸುದ್ದಿ ನಂಬಿ ಮೆಥನಾಲ್ ಅನ್ನೋ ವಿಷ ಬೆರೆತ ಕಳ್ಳ ಮದ್ಯ ಕುಡಿದು ನೂರಾರು ಜನ ಸತ್ರು.

ಇದನ್ನ ಓದ್ತಿರೋ ಯಾರಾದ್ರೂ ದಿನಾ ಜಾಸ್ತಿ ಕುಡಿಯೋರಿದ್ದು, ಇವತ್ತೇ ನಿಲ್ಲಿಸ್ತೀನಿ ಅಂತ ಅಂದ್ಕೊಂಡ್ರೆ, ದಯವಿಟ್ಟು ಮೊದಲು ಡಾಕ್ಟರ್ ಹತ್ರ ಹೋಗಿ. ಬೆಳಿಗ್ಗೆ ಕೈ ನಡುಗಿ, ಕುಡಿದ ಮೇಲಷ್ಟೇ ಆ ನಡುಕ ನಿಲ್ಲೋರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಅಂತೂ ಒಬ್ಬರೇ ಪ್ರಯತ್ನ ಮಾಡ್ಲೇಬೇಡಿ. ಕೆಲವು ದಿನ ಔಷಧಿ ಕೊಟ್ಟು, ಥಯಾಮಿನ್ ಅನ್ನೋ ಬಿ1 ವಿಟಮಿನ್ ಕೊಟ್ಟು ಸುರಕ್ಷಿತವಾಗಿ ಇಳಿಸೋ ದಾರಿ ಇದೆ. ಆಮೇಲೆ ಆಸೆ ಕಮ್ಮಿ ಮಾಡೋಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ ಮಾತ್ರೆಗಳಿವೆ, ಹತ್ತಾರು ವರ್ಷಗಳಿಂದ ಬಳಕೆಯಲ್ಲಿವೆ, ಆದ್ರೂ ಬೇಕಾದವರಲ್ಲಿ ಬಹಳ ಕಮ್ಮಿ ಜನಕ್ಕೆ ಸಿಗ್ತಿವೆ. ಇದು ಮನೋಬಲದ ವಿಷಯ, ಗಟ್ಟಿ ಮನಸ್ಸು ಮಾಡ್ಬೇಕು ಅಷ್ಟೇ ಅನ್ನೋ ನಮ್ಮ ಮಾತೇ ಎಷ್ಟೋ ಜನರನ್ನ ಆ ಮಾತ್ರೆಗಳಿಂದ ದೂರ ಇಟ್ಟಿದೆ, ನನಗೆ ಇದರ ಬಗ್ಗೆ ನಿಜವಾಗ್ಲೂ ಕೋಪ ಇದೆ.

ಸರಿ, ಕೋವಿಡ್ ಮುಗೀತಲ್ಲ, ವಿಶ್ವ ಆರೋಗ್ಯ ಸಂಸ್ಥೆನೇ 2023ರ ಮೇನಲ್ಲಿ ತುರ್ತು ಪರಿಸ್ಥಿತಿ ಮುಗೀತು ಅಂತು, ಈಗ್ಯಾಕೆ ಈ ಮಾತು ಅನ್ನಬಹುದು. ಬ್ರಿಟನ್ನಿನ ಆ ಸಂಖ್ಯೆ ನೆನಪಿದ್ಯಲ್ಲ, 2020ರಲ್ಲಿ 8,974, ಅದು ಕೆಳಗೆ ಬರ್ಲಿಲ್ಲ. 2021ರಲ್ಲಿ 9,641, 2022ರಲ್ಲಿ 10,048, 2023ರಲ್ಲಿ 10,473. ಪಬ್ ತೆಗೆದ್ರು, ಆಫೀಸ್ ತೆಗೆದ್ರು, ಸಂಖ್ಯೆ ಮಾತ್ರ ಏರ್ತಾನೇ ಇತ್ತು. ಲಿವರ್ ಕಾಯಿಲೆ ನಿಧಾನ ಆದ್ರಿಂದ ಸ್ವಲ್ಪ ಭಾಗ ಹಳೇ ಬಾಕಿ ಇರುತ್ತೆ. ಇನ್ನೊಂದು ಭಾಗ ಅಭ್ಯಾಸ. ಲಂಡನ್ನಿನಲ್ಲಿ ನಡೆದು 2009ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗೇ ನಡೆಯೋ ಮಟ್ಟಕ್ಕೆ ಬರೋಕೆ ಸರಾಸರಿ 66 ದಿನ ಬೇಕಾಯ್ತು, ಕೆಲವರಿಗೆ 18, ಕೆಲವರಿಗೆ 254. ಅದು ನೀರು ಕುಡಿಯೋದು, ವಾಕಿಂಗ್ ಹೋಗೋದು ಅಂಥ ಒಳ್ಳೆ ಅಭ್ಯಾಸಗಳ ಮೇಲೆ ಮಾಡಿದ್ದು. ದಿನಾ ಅದೇ ಹೊತ್ತು, ಅದೇ ಕುರ್ಚಿ, ಅದೇ ಗ್ಲಾಸು, ಜೊತೆಗೆ ಮೆದುಳಿಗೆ ಬಹುಮಾನ ಕೊಡೋ ವಸ್ತು ಬೇರೆ, ಎಷ್ಟು ತಿಂಗಳು ಹೀಗೇ ನಡೀತು ಅಂತ ನೀವೇ ಲೆಕ್ಕ ಹಾಕಿ. ಬಾಗಿಲು ತೆಗೆದ ತಕ್ಷಣ ಆ ಕುರ್ಚಿ ಖಾಲಿ ಆಗಲ್ಲ. ಮತ್ತೆ ವರ್ಕ್ ಫ್ರಮ್ ಹೋಮ್ ಎಷ್ಟೋ ಜನಕ್ಕೆ ಉಳ್ಕೊಂಡೇ ಇದೆ, ಬಿಟ್ಟು ಹೋದ ಗೆಳೆತನ ಅಲ್ಲೇ ಬಿಟ್ಟು ಹೋಗಿದೆ.

ಒಂಟಿತನಕ್ಕೆ ಈಗ ಗೌರವ ಬಂದಿದೆ ಅನ್ನೋದು ಒಳ್ಳೆ ಬೆಳವಣಿಗೆ. ಬ್ರಿಟನ್ 2018ರಲ್ಲೇ ಇದಕ್ಕೊಬ್ಬ ಮಂತ್ರಿ ಇಟ್ಟಿತ್ತು, ಜಪಾನ್ 2021ರಲ್ಲಿ ಇಟ್ಟಿತು, ಅಮೆರಿಕದ ಸರ್ಜನ್ ಜನರಲ್, ಅಂದ್ರೆ ಅಲ್ಲಿನ ಸರ್ಕಾರದ ಮುಖ್ಯ ಡಾಕ್ಟರ್ ಆಗಿದ್ದ ವಿವೇಕ್ ಮೂರ್ತಿ 2023ರಲ್ಲಿ ಇದನ್ನ ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಂತ ಘೋಷಿಸಿದ್ರು, ವಿಶ್ವ ಆರೋಗ್ಯ ಸಂಸ್ಥೆ ಒಂದು ಆಯೋಗನೇ ಮಾಡಿ 2025ರ ವರದಿಯಲ್ಲಿ ಪ್ರಪಂಚದ ಆರು ಜನರಲ್ಲಿ ಒಬ್ಬರು ಒಂಟಿತನದಲ್ಲಿದ್ದಾರೆ ಅಂತು. ಕುಡಿತದ ಕಡೆ ಅದೇ ಸಂಸ್ಥೆಯ ಲೆಕ್ಕ 2019ಕ್ಕೆ 26 ಲಕ್ಷ ಸಾವು. ಎರಡು ವರದಿನೂ ದಪ್ಪ ಇವೆ. ಆದ್ರೆ ನೆಲದ ಮೇಲೆ ಇವೆರಡೂ ಬೇರೆ ಬೇರೆ ಬಾಗಿಲು. ಕುಡಿತಕ್ಕೆ ಅಂತ ಹೋದವನಿಗೆ ನಿನಗೆ ಮಾತಾಡೋಕೆ ಯಾರಿದ್ದಾರೆ ಅಂತ ಕೇಳೋದು ಅಪರೂಪ, ಒಂಟಿತನ ಅಂತ ಹೋದವನಿಗೆ ಸಂಜೆ ಏನು ಕುಡಿತೀಯ ಅಂತ ಕೇಳೋದೂ ಅಪರೂಪ. ಒಂಟಿತನ ಅಳೆಯೋಕೆ ಮೂರೇ ಪ್ರಶ್ನೆಯ ಒಂದು ಚಿಕ್ಕ ಪಟ್ಟಿ 2004ರಿಂದಲೂ ಇದೆ, ಜೊತೆ ಇಲ್ಲ ಅನ್ಸುತ್ತಾ, ನನ್ನ ಬಿಟ್ಟುಬಿಟ್ರು ಅನ್ಸುತ್ತಾ, ಎಲ್ರಿಂದ ದೂರ ಆಗಿದ್ದೀನಿ ಅನ್ಸುತ್ತಾ, ಇಷ್ಟೇ. ಕೇಳೋಕೆ ಒಂದು ನಿಮಿಷ ಬೇಡ. ಆಡಿಟ್‌ನ ಆ ಹತ್ತರ ಜೊತೆ ಈ ಮೂರು ಸೇರ್ಸಿದ್ರೆ ಯಾವ ಆಸ್ಪತ್ರೆಗೂ ಖರ್ಚೇನೂ ಆಗಲ್ಲ.

ಮದ್ಯ ಬಿಡೋರ ಗುಂಪುಗಳಿಗೆ ಇದು ಮೊದಲಿಂದಾನೇ ಗೊತ್ತಿತ್ತು ಅನ್ಸುತ್ತೆ. ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಲ್ಲಿ ಶುರುವಾಗಿದ್ದೇ ಇಬ್ಬರು ಕುಡುಕರು ಎದುರು ಬದುರು ಕೂತು ಮಾತಾಡಿದ್ದರಿಂದ. 2020ರಲ್ಲಿ ಅವರ ಸಭಾಂಗಣಗಳು ಮುಚ್ಚಿದಾಗ ಮೀಟಿಂಗ್‌ಗಳು ವಿಡಿಯೋ ಕಾಲ್‌ಗೆ ಹೋದ್ವು. ಕೆಲವರಿಗೆ ಅದು ಸಾಲದೇ ಹೋಯ್ತು, ಕೈ ಹಿಡಿಯೋಕೆ ಆಗಲ್ಲ, ಮೀಟಿಂಗ್ ಮುಗಿದ ಮೇಲಿನ ಹರಟೆ ಇಲ್ಲ. ಆದ್ರೆ ಹತ್ತಿರದಲ್ಲಿ ಗುಂಪೇ ಇಲ್ಲದವರು, ಓಡಾಡೋಕೆ ಆಗದವರು, ಮಕ್ಕಳನ್ನ ಬಿಟ್ಟು ಬರೋಕೆ ಆಗದ ತಾಯಂದಿರು, ನಾಚಿಕೆಯಿಂದ ಆ ಬಾಗಿಲು ದಾಟದವರು ಮೊದಲ ಸಲ ಒಳಗೆ ಬಂದ್ರು. ಆನ್‌ಲೈನ್ ಮೀಟಿಂಗ್‌ಗಳು ಈಗಲೂ ನಡೀತಿವೆ.

ನನ್ನ ಸ್ನೇಹಿತನ ವಿಷಯಕ್ಕೆ ಬಂದ್ರೆ, ಕೊನೆಗೂ ನಾನು ಕೇಳಿದ್ದು ಎಷ್ಟು ಕುಡಿತಿದ್ದೀಯ ಅಂತ ಅಲ್ಲ, ಅದನ್ನ ಕೇಳಿದ್ರೆ ಎರಡೇ ಅಂತ ಹೇಳ್ತಿದ್ದ, ಅಲ್ಲಿಗೆ ಮಾತು ಮುಗೀತಿತ್ತು. ಈಗ ಯಾರ ಜೊತೆ ಕುಡಿತೀಯೋ ಅಂದೆ. ಸುಮಾರು ಹೊತ್ತು ಸುಮ್ಮನಿದ್ದ, ಆಮೇಲೆ ನಿನ್ನ ಜೊತೆನೇ ಕಣೋ, ಅದಕ್ಕೇ ಅಲ್ವಾ ಫೋನ್ ಮಾಡೋದು ಅಂದ. ಆ ವಾರದಿಂದ ಫೋನ್ ಟೈಮ್ ಸಂಜೆ ಆರಕ್ಕೆ ಬದಲಾಯಿಸಿದ್ವಿ, ಅವನು ಗ್ಲಾಸ್ ತೆಗೆಯೋದಕ್ಕೆ ಮುಂಚೆ, ಇಬ್ಬರೂ ನಡೀತಾ ಮಾತಾಡೋದು. ಅದರಿಂದ ಕುಡಿತ ಬಿಟ್ಟುಬಿಟ್ಟ ಅಂತ ಅಲ್ಲ, ಡಾಕ್ಟರ್ ಹತ್ರ ಹೋಗೋಕೆ ಇನ್ನೂ ಎಂಟು ತಿಂಗಳು ಹಿಡೀತು, ಮಾತ್ರೆ ತಗೊಂಡ, ಮಧ್ಯ ಎರಡು ಸಲ ಜಾರಿದ. ಡಾಕ್ಟರ್ ಮುಂದೆ ಆ ಹತ್ತನೇ ಪ್ರಶ್ನೆ ಬಂದಾಗ ಹೌದು, ಒಬ್ಬ ಹೇಳಿದ್ದಾನೆ ಅಂತ ಉತ್ತರ ಕೊಟ್ಟನಂತೆ.